ಮುರಕಲ್ಲಿನ ಪದವಿನಲ್ಲಿ ಮಂಗಳಗಂಗೋತ್ರಿ

ತೊಕ್ಕೊಟ್ಟಿನಲ್ಲಿ ಹೆದ್ದಾರಿ ಬಿಟ್ಟು ದೇರಳಕಟ್ಟೆ, ನಾಟೆಕಲ್, ಅಸೈಗೋಳಿ ದಾಟಿ ಕೊಣಾಜೆಗೆ ಬರುವವರಿಗೆ ಈಗ ದಾರಿಯುದ್ದಕ್ಕೂ ಆಸ್ಪತ್ರೆ, ಹಾಸ್ಟೆಲ್, ಫ್ಲ್ಯಾಟುಗಳೇ. ಇದು ಮೂಲತಃ ಮುಳಿಹುಲ್ಲಿನ ಪದವು, ಅಂದರೆ ಗುಡ್ಡದ ಮೇಲಿನ ಬಯಲು, ಎಂದರೆ ಇಂದಿನ ವಿದ್ಯಾರ್ಥಿಗಳು ನಂಬಲಿಕ್ಕಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1968ರಲ್ಲಿ ಮಂಗಳೂರಿಗೆ ಸ್ನಾತಕೋತ್ತರ ಕೇಂದ್ರ ಕೊಟ್ಟಿತು. ಮೈಸೂರಿನ ಕ್ಯಾಂಪಸ್ಸಾದ ಮಾನಸಗಂಗೋತ್ರಿಯ ಜಾಡಿನಲ್ಲೇ ಮಂಗಳಗಂಗೋತ್ರಿ ಎಂಬ ಹೆಸರು. ಕೇಂದ್ರವನ್ನು ಮೊದಲು ನಡೆಸಿದವರು ಕನ್ನಡದ ಪ್ರಾಧ್ಯಾಪಕ ಎಸ್.ವಿ. ಪರಮೇಶ್ವರ ಭಟ್ಟರು. 1980ರ ಸೆಪ್ಟೆಂಬರ್ 10ರಂದು ಕೇಂದ್ರ ಮಂಗಳೂರು ವಿಶ್ವವಿದ್ಯಾನಿಲಯ ಎಂದು ಸ್ವತಂತ್ರವಾಯಿತು. ಇತಿಹಾಸಕಾರ ಬಿ. ಶೇಖ್ ಅಲಿಯವರು ಮೊದಲ ಕುಲಪತಿ. ಕೊಣಾಜೆಯ ಕ್ಯಾಂಪಸ್ಸಿನ ವಿಸ್ತಾರ 353 ಎಕರೆ.

ಎಕರೆ ಲೆಕ್ಕ ಹೇಳುವುದು ಸುಲಭ. ಆ ನೆಲದ ಮೇಲೆ ಕಟ್ಟುವುದು ಬೇರೆಯೇ ಮಾತು. ಪದವಿನ ಮೇಲ್ಪದರ ಗಟ್ಟಿ ಪಾದೆ (ಬಂಡೆಹಾಸು), ಗಿಡಕ್ಕೆ ಗುಂಡಿ ತೋಡಬೇಕಾದರೂ ಪಿಕ್ಕಾಸು ಬೇಕು. ಎರಡಡಿ ಗುಂಡಿಗೆ ಹೊರಗಿನ ಮಣ್ಣು ತುಂಬಿ ಸಸಿ ನೆಟ್ಟರೆ ಮೊದಲ ಮಳೆಗಾಲದಲ್ಲಿ ಚೆನ್ನಾಗಿಯೇ ಬರುತ್ತದೆ. ಬೇರು ಗುಂಡಿಯ ಗೋಡೆಗೆ ತಾಗಿದಾಗ ತೊಂದರೆ ಶುರು. ತಳ ಒಡೆಯದೆ ಬಿಟ್ಟ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಇಲ್ಲದಿದ್ದರೆ ಏಪ್ರಿಲಿನಲ್ಲಿ ಒಣಗುತ್ತದೆ. ಗೇರುಮರ ಬಿರುಕು ಹುಡುಕಿ ಬದುಕುತ್ತದೆ, ಅಲಂಕಾರದ ಗಿಡ ಬದುಕುವುದಿಲ್ಲ.

ಪಾದೆ ತೆಗೆದರೆ ಕೆಳಗೆ ಮುರಕಲ್ಲು, ಗೋಡೆ ಕಟ್ಟಲು ಬಳಸುವ ತೂತುತೂತಾದ ಕೆಂಪುಕಲ್ಲು. ಹಸಿಯಾಗಿದ್ದಾಗ ಸಲೀಸಾಗಿ ಕಡಿಯಬಹುದು, ಗಾಳಿ ಬಿಸಿಲಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಹಾಗಾಗಿ ಕಡಿದ ಕೂಡಲೇ ಗೋಡೆಗೆ ಏರಿಸಬಾರದು. ಶೇಡಿಯ, ಅಂದರೆ ಮೆತ್ತನೆಯ ಬಿಳಿ ಜೇಡಿಮಣ್ಣಿನ, ಗಂಟುಗಳಿರುವ ಕಲ್ಲನ್ನು ಹೊರಗೋಡೆಗೆ ಇಟ್ಟರಂತೂ ಎರಡು ಮಳೆಗಾಲದಲ್ಲಿ ಗಂಟು ಕರಗಿ ಅಲ್ಲಿ ತೂತು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ ನೈಋತ್ಯದಿಂದ ಓರೆಯಾಗಿ ಹೊಡೆಯುವಂಥದ್ದು. ಈ ಊರಿಗೆ ಬೇಕಾದದ್ದು ಇಳಿಜಾರಿನ ಮಾಡು (ಛಾವಣಿ), ಉದ್ದ ಸೂರು, ಗಾಳಿ ಆಡುವ ಜಗಲಿ. ಸರ್ಕಾರಿ ನಕ್ಷೆಗಳು ತರುವುದು ಚಪ್ಪಟೆ ತಾರಸಿ! ತಾರಸಿ ಸೋರಿದ ಮೇಲೆ ಅದರ ಮೇಲೊಂದು ತಗಡಿನ ಮಾಡು ಹಾಕುವುದು ಕರಾವಳಿಯ ಎಲ್ಲೆಡೆ ಕಾಣುವ ಪ್ರಾಯಶ್ಚಿತ್ತ.

ಕಟ್ಟಡಗಳಿಗಿಂತ ನನಗೆ ಹೆಚ್ಚೆನಿಸುವುದು, ಇಲ್ಲಿನ ವಿಭಾಗಗಳು ಸುತ್ತಲಿನ ನೆಲವನ್ನೇ ಪಾಠವಾಗಿಸಿಕೊಂಡ ರೀತಿ. ಕನ್ನಡ ವಿಭಾಗ ಪಾಡ್ದನವೆಂಬ ತುಳು ಕಥನಗೀತೆ, ಭೂತಾರಾಧನೆ, ಯಕ್ಷಗಾನಗಳನ್ನು ತರಗತಿಯೊಳಗೆ ತಂದಿತು. ಭೌತವಿಜ್ಞಾನದವರು ಉಳ್ಳಾಲದ ಕಡಲ ಮರಳಿನಲ್ಲಿ ಮೊನಜೈಟ್ ಖನಿಜ ಇರುವುದನ್ನೂ ಅದರ ಥೋರಿಯಂನಿಂದ ಅಲ್ಲಿ ಸಹಜ ವಿಕಿರಣ ಹೆಚ್ಚಿರುವುದನ್ನೂ ಅಳೆದು ತೋರಿಸಿದರು. 1995ರಲ್ಲಿ ಮೈಕ್ರೋಟ್ರಾನ್ ಎಂಬ ಎಲೆಕ್ಟ್ರಾನ್ ವೇಗವರ್ಧಕ ಯಂತ್ರದ ಕೇಂದ್ರ ಬಂತು. ಎಲೆಕ್ಟ್ರಾನು ಕಾಂತಕ್ಷೇತ್ರದಲ್ಲಿ ಸುತ್ತುತ್ತ ಪ್ರತಿ ಸುತ್ತಿಗೂ ಒಂದೇ ಮೈಕ್ರೋವೇವ್ ಕುಹರವನ್ನು (ಪೊಳ್ಳು ಕೋಣೆ) ಹಾದು ಶಕ್ತಿ ಪಡೆಯುತ್ತದೆ, ಸುತ್ತು ಹಿಗ್ಗುತ್ತ ಹೋಗುತ್ತದೆ. ಕುಹರ ತಲುಪುವ ಹೊತ್ತು ತಪ್ಪಿದರೆ ಕಿರಣವೇ ಇಲ್ಲ. ರಾಜ್ಯದ ಒಂದು ಮೂಲೆಯ ವಿಶ್ವವಿದ್ಯಾನಿಲಯದಲ್ಲಿ ಇಂಥ ಯಂತ್ರ ಇರುವುದು ಸಣ್ಣ ಸಂಗತಿಯಲ್ಲ.

ಈ ಬೆಳವಣಿಗೆಯ ಖರ್ಚಿನಲ್ಲಿ ಸಂಯೋಜಿತ ಕಾಲೇಜುಗಳ ಪಾಲು ಎಷ್ಟೆಂಬುದನ್ನು ಸ್ಮರಣ ಸಂಚಿಕೆಗಳು ಬರೆಯುವುದಿಲ್ಲ. ಸಂಯೋಜನೆಯ ಶುಲ್ಕ, ಪರೀಕ್ಷಾ ಶುಲ್ಕಗಳೇ ವಿಶ್ವವಿದ್ಯಾನಿಲಯದ ಸ್ವಂತ ಆದಾಯದ ಬೆನ್ನೆಲುಬು. ಒಂದು ಕಾಲಕ್ಕೆ ದಕ್ಷಿಣ ಕನ್ನಡ, ಉಡುಪಿ, ಕೊಡಗಿನ ಕಲೆ, ವಾಣಿಜ್ಯದಿಂದ ವೈದ್ಯಕೀಯ, ಎಂಜಿನಿಯರಿಂಗ್‌ವರೆಗೆ ಪದವಿಗಳೆಲ್ಲ ಕೊಣಾಜೆಯದ್ದೇ. 1993ರಲ್ಲಿ ಮಣಿಪಾಲ ತಾನೇ ಪದವಿ ಕೊಡುವ ಡೀಮ್ಡ್ ವಿಶ್ವವಿದ್ಯಾಲಯವಾಯಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬಂದು ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು ಅತ್ತ ಹೋದವು. ಆಮೇಲೆ ದೊಡ್ಡ ಪದವಿ ಕಾಲೇಜುಗಳು ಒಂದೊಂದಾಗಿ ಸ್ವಾಯತ್ತವಾದವು. 2023ರಲ್ಲಿ ಕೊಡಗಿನ ಚಿಕ್ಕ ಅಳುವಾರದಲ್ಲಿದ್ದ ಕೊಣಾಜೆಯ ಸ್ನಾತಕೋತ್ತರ ಕೇಂದ್ರವೇ ಕೊಡಗು ವಿಶ್ವವಿದ್ಯಾಲಯವಾಯಿತು. ಕೊಣಾಜೆ ಮೈಸೂರಿನಿಂದ ಬೇರೆಯಾದದ್ದೂ ಹೀಗೆಯೇ, ಅದರಲ್ಲಿ ದೂರಲು ಏನೂ ಇಲ್ಲ. ಆದರೆ ಆದಾಯದ ಕಾಲೇಜುಗಳು ಹೋದರೂ ಪಿಂಚಣಿ, ವಿದ್ಯುತ್, ಕಟ್ಟಡಗಳ ದುರಸ್ತಿ ಹೋಗುವುದಿಲ್ಲ.

ನೀರಿನ ವಿಷಯಕ್ಕೆ ಬರೋಣ, ಏಕೆಂದರೆ ಹೊಸ ಕಟ್ಟಡದ ಮಾತು ಬಂದಾಗಲೆಲ್ಲ ಇದನ್ನು ಕೊನೆಗೆ ನೆನೆಯುತ್ತಾರೆ. 1,000 ಚದರ ಮೀಟರ್ ಮಾಡಿನ ಮೇಲೆ 3,500 ಮಿಲಿಮೀಟರ್ ಮಳೆ ಬಿದ್ದರೆ 35 ಲಕ್ಷ ಲೀಟರ್. ಸೋರಿಕೆ, ಮೊದಲ ಮಳೆಯ ಕೊಳೆ ಎಂದು ಐದನೇ ಒಂದು ಪಾಲು ಬಿಟ್ಟರೂ 28 ಲಕ್ಷ. ಇಷ್ಟಾದರೂ ಮಾರ್ಚ್ ಬಂತೆಂದರೆ ಪದವಿನ ಬಾವಿಗಳ ತಳ ಕಾಣುತ್ತದೆ. ಮುರಕಲ್ಲಿನ ತೂತುಗಳಲ್ಲಿ ಇಳಿದ ನೀರು ಕೆಳಗಿನ ಶೇಡಿಮಣ್ಣಿನ ಮೇಲೆ ಹರಿದು ಗುಡ್ಡದ ಬುಡದ ತೋಡು (ಹಳ್ಳ) ಸೇರುತ್ತದೆ. ಇಂಗುಗುಂಡಿ ತೋಡಿದರಾಯಿತು ಎನ್ನುವವರು ಜಾಗ ನೋಡಿ ಹೇಳಬೇಕು. ಗುಡ್ಡದ ಅಂಚಿಗೆ, ಕಡಿದ ದರೆಯ (ಗುಡ್ಡದ ಕಡಿದಾದ ಗೋಡೆಯ) ತಲೆಯ ಮೇಲೆ ಇಂಗಿಸಿದರೆ ಶೇಡಿ ನೀರು ಕುಡಿದು ಜಾರುತ್ತದೆ, ದರೆ ಕುಸಿಯುತ್ತದೆ. ಇಂಗಿಸುವುದಾದರೆ ಪದವಿನ ನಡುವೆ, ಅಂಚಿನಿಂದ ಸಾಕಷ್ಟು ಒಳಗೆ. ಅಂಚಿನ ಕಟ್ಟಡಗಳ ನೀರನ್ನು ಟ್ಯಾಂಕಿಗೆ ತುಂಬಿಸಿ, ಮಿಕ್ಕಿದ್ದನ್ನು ಕಲ್ಲು ಕಟ್ಟಿದ ಚರಂಡಿಯಲ್ಲಿ ಬುಡದವರೆಗೂ ಇಳಿಸಿ ಬಿಡಬೇಕು.