ಸುಕ್ತಿಯ ಹೊತ್ತಿಗೆ ಕಯಾಕ್ ಇಲ್ಲ

ನಮ್ಮ ರಿಸೆಪ್ಶನ್ ಪಕ್ಕದ ಕಪ್ಪು ಹಲಗೆಯ ಮೇಲೆ ದಿನದ ಕಾರ್ಯಕ್ರಮ ಬರೆಯುವುದು ನನ್ನ ಕೆಲಸ. 6.30ಕ್ಕೆ ಹಕ್ಕಿ, 8.30ಕ್ಕೆ ದೋಣಿಯಲ್ಲಿ ಡಾಲ್ಫಿನ್, 4ಕ್ಕೆ ಕಯಾಕ್, ರಾತ್ರಿ ಕ್ಯಾಂಪ್‌ಫೈರ್. ಬಂದವರು ರೂಮಿನ ಕೀಲಿ ಇಸಕೊಳ್ಳುವ ಮೊದಲೇ ಹಲಗೆಯ ಫೋಟೋ ಹೊಡೆದುಕೊಳ್ಳುತ್ತಾರೆ. ಎರಡೂವರೆ ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿದಾಗ ಈ ಹಲಗೆಯಲ್ಲಿ ವರ್ಷವಿಡೀ ಒಂದೇ ಟೈಮ್ ಇರುತ್ತಿತ್ತು, ಪೇಂಟಿನಲ್ಲಿ ಬರೆದದ್ದು. ಈಗ ಚಾಕ್‌ಪೀಸ್ ಬಂದಿದೆ. ಅದರ ಹಿಂದೊಂದು ಕತೆ ಇದೆ, ನನ್ನ ಮಾನ ಹೋದ ಕತೆ.

ನಾನು ಶಿರಸಿ ಕಡೆಯವ. ಅಡಿಕೆ ತೋಟ, ಕೊಟ್ಟಿಗೆ, ಮಳೆಗಾಲದಲ್ಲಿ ಉಂಬಳ. ಇಷ್ಟರಲ್ಲೇ ಬೆಳೆದವನಿಗೆ ಕಡಲೆಂದರೆ ಶಾಲೆಯ ಟ್ರಿಪ್ಪಿನಲ್ಲಿ ಗೋಕರ್ಣಕ್ಕೆ ಹೋಗಿ ಚಡ್ಡಿ ಒದ್ದೆ ಮಾಡಿಕೊಂಡದ್ದು. ಹಕ್ಕಿ-ಮರ ಗೊತ್ತು ಎಂಬ ಒಂದೇ ಯೋಗ್ಯತೆಯ ಮೇಲೆ ಕಾರವಾರದ ಈ ರಿಸಾರ್ಟಿನಲ್ಲಿ ನ್ಯಾಚುರಲಿಸ್ಟ್ ಆದೆ. ಆಯಿ ಇವತ್ತಿಗೂ ಫೋನಿನಲ್ಲಿ "ಊಟ ಆತನಾ?" ಎಂದು ಕೇಳಿ, ನಂತರ ದನಿ ತಗ್ಗಿಸಿ "ಅಲ್ಲಿ ಮೀನು ವಾಸನೆ ಬತ್ತಿಲ್ಯನಾ?" ಎನ್ನುತ್ತಾಳೆ. ಬರುತ್ತದೆ. ಸ್ಟಾಫ್ ಅಡುಗೆಮನೆಯಲ್ಲಿ ಬಂಗಡೆ ಸಾರಿಗೆ ಜುಮ್ಮನಕಾಯಿ ಜಜ್ಜಿ ಹಾಕಿದ ದಿನ ನನ್ನ ಸಸ್ಯಾಹಾರದ ನಿಷ್ಠೆಯೂ ಸ್ವಲ್ಪ ಅಲುಗಾಡುತ್ತದೆ ಎಂದು ಅವಳಿಗೆ ಹೇಳಿಲ್ಲ.

ಜಾಗ ಹೇಗಿದೆ ಎಂದರೆ, ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಕಾಳಿ ಹೊಳೆಯ ಹಿನ್ನೀರು, ನಡುವೆ ಗಾಳಿಮರದ ತೋಪು. ದೂರದಲ್ಲಿ ಸದಾಶಿವಗಡದ ಗುಡ್ಡ, ಹೊಳೆಗೆ ಅಡ್ಡಲಾಗಿ ಹೆದ್ದಾರಿಯ ಸೇತುವೆ. 2024ರ ಆಗಸ್ಟ್ 7ರ ನಡುರಾತ್ರಿ ಕುಸಿದದ್ದು ಅದರ ಪಕ್ಕದ ಹಳೇ ಸೇತುವೆ. ಲಾರಿ ಸಮೇತ ಬಿದ್ದ ಚಾಲಕನನ್ನು ಆ ಕತ್ತಲಲ್ಲೇ ಬದುಕಿಸಿ ತಂದರು. ಗೆಸ್ಟುಗಳು ಮೊದಲ ದಿನ ಕೇಳುವುದು ಡಾಲ್ಫಿನ್ ಬಗ್ಗೆಯಲ್ಲ, ಈ ಸೇತುವೆಯ ಬಗ್ಗೆ.

ಇನ್ನು ಆ ಕತೆ.

ನಮ್ಮಲ್ಲಿ ದೋಣಿ ನಡೆಸುವವರಲ್ಲಿ ಎಲ್ಲರಿಗಿಂತ ಹಿರಿಯನನ್ನು ನಾವು ತಾಂಡೇಲ ಮಾಮಾ ಎನ್ನುತ್ತೇವೆ. ಹರೆಯದಲ್ಲಿ ರಂಪಣಿ ಬಲೆ ಎಳೆದವನು. ಉಬ್ಬರಕ್ಕೆ ಭರ್ತಿ, ಇಳಿತಕ್ಕೆ ಸುಕ್ತಿ ಎನ್ನುತ್ತಾನೆ. ವಾಚು ಕಟ್ಟುವುದಿಲ್ಲ; "ಇವತ್ತು ತಿಥಿ ಯಾವುದು?" ಎಂದು ಕೇಳುತ್ತಾನೆ. ಅಮಾವಾಸ್ಯೆ-ಹುಣ್ಣಿಮೆಗೆ ಇಲ್ಲಿ ಭರ್ತಿ ಮಧ್ಯಾಹ್ನದೊಳಗೆ ಮುಗಿದು, ಸಂಜೆ ಐದರ ಸುಮಾರಿಗೆ ನೀರು ತಳ ಕಾಣುತ್ತದೆ. ಅಲ್ಲಿಂದ ಮುಂದೆ ದಿನಕ್ಕೆ ಹೆಚ್ಚುಕಮ್ಮಿ ಐವತ್ತು ನಿಮಿಷ ತಡ. ಅಷ್ಟಮಿಯ ಹೊತ್ತಿಗೆ ಲೆಕ್ಕ ಪೂರಾ ತಿರುಗಿ ಸಂಜೆಗೇ ಭರ್ತಿ, ಆದರೆ ಅಂಥ ಜೋರಿನದಲ್ಲ. ಇಷ್ಟನ್ನೂ ಅವನು ನನಗೆ ಮೊದಲ ತಿಂಗಳಲ್ಲೇ ಹೇಳಿದ್ದ. ನಾನು ತಲೆಯಾಡಿಸಿದ್ದೆ.

ಜನವರಿಯ ಒಂದು ಅಮಾವಾಸ್ಯೆ. ಬೆಂಗಳೂರಿನ ಕುಟುಂಬವೊಂದು, ಅಪ್ಪ, ಅಮ್ಮ, ಒಂಬತ್ತರ ಹುಡುಗಿ. ಹಲಗೆಯಲ್ಲಿ 4 ಎಂದಿದೆ, ಅವರು 3.55ಕ್ಕೇ ಲೈಫ್‌ಜಾಕೆಟ್ ತೊಟ್ಟು ನಿಂತಿದ್ದಾರೆ. ದಂಡೆಯಲ್ಲಿ ಬಲೆ ಹೊಲಿಯುತ್ತಿದ್ದ ಮಾಮಾ ತಲೆಯೆತ್ತದೆ, "ನಡು ಹೊಳೆಲ್ಲೇ ಇರು, ಕಾಂಡ್ಲಾ ಒಳಗೆ ಹೋಗ್ಬೇಡ" ಅಂದ. ಕಾಂಡ್ಲಾ ಎಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು. ನಾನು ಅದರೊಳಗಿನ ಕಾಲುವೆಗೇ ಹೋದೆ. ಯಾಕೆಂದರೆ ನಡು ಹೊಳೆಯಲ್ಲಿ ಹೇಳುವುದಕ್ಕೆ ನನಗೇನೂ ಇರಲಿಲ್ಲ; ನನ್ನ ಪಾಂಡಿತ್ಯವೆಲ್ಲ ಕಾಂಡ್ಲಾದಲ್ಲಿತ್ತು. ಗಿಡದಲ್ಲೇ ಮೊಳೆತು ನುಗ್ಗೆಕಾಯಿಯಂತೆ ಜೋತಾಡುವ ಬೀಜ, ಕೆಸರಿನಿಂದ ಪೆನ್ಸಿಲ್‌ನಂತೆ ಮೇಲೆದ್ದ ಉಸಿರಾಟದ ಬೇರು, ನಾಲಿಗೆಗೆ ತಾಗಿಸಿದರೆ ಉಪ್ಪುಪ್ಪಾಗುವ ಎಲೆ. ಗಿಡ ಹೀರಿಕೊಂಡ ಉಪ್ಪನ್ನು ಎಲೆಯಲ್ಲಿ ಹೊರಹಾಕುತ್ತದೆ. ಎಲೆ ನೆಕ್ಕಿಸುವುದು ನನ್ನ ಹಳೇ ಟ್ರಿಕ್ಕು. ಹುಡುಗಿ ನೆಕ್ಕಿ ಮುಖ ಹಿಂಡಿದಳು, ಅಪ್ಪ ವಿಡಿಯೋ ಮಾಡಿದರು, ನಾನು ಉಬ್ಬಿದೆ. ಹೊರಡೋಣವೆಂದು ಹುಟ್ಟು ಹಾಕಿದರೆ ಅದು ನೀರಿಗಲ್ಲ, ಕೆಸರಿಗೆ ಹೋಯಿತು.

ಹತ್ತು ನಿಮಿಷದಲ್ಲಿ ನೀರು ಎಲ್ಲಿಗೆ ಹೋಯಿತೋ. ಕಾಲುವೆ ಚರಂಡಿಯಷ್ಟಾಗಿತ್ತು. ದೂಡುತ್ತೇನೆ ಎಂದು ಇಳಿದೆ, ತೊಡೆಯವರೆಗೆ ಹೋದೆ. ಕಾಲು ಎಳೆದಾಗ ಪ್ಚಕ್ ಎಂದು ಸದ್ದಾಗಿ ಕಾಲು ಬಂತು, ಎಡಗಾಲಿನ ಚಪ್ಪಲಿ ಬರಲಿಲ್ಲ. ಕೆಸರಿನ ವಾಸನೆ ಗೊತ್ತಲ್ಲ, ಕೊಳೆತ ಮೊಟ್ಟೆಯದು, ಅದು ಎದ್ದು ಎಲ್ಲರ ಮೂಗಿಗೂ ಬಂತು. ಹುಡುಗಿಯ ಅಮ್ಮ ತೀರಾ ಶಾಂತವಾಗಿ, "ಇದೂ ಆಕ್ಟಿವಿಟಿನಾ?" ಎಂದು ಕೇಳಿದರು. ನಾನು ಹೌದು ಅನ್ನಬಹುದಿತ್ತು. ಸುಳ್ಳು ಬಾಯಿಗೆ ಬರಲಿಲ್ಲ.

ಸುಮಾರು ಒಂದೂವರೆ ಗಂಟೆ ಹಾಗೇ ಕುಳಿತೆವು. ಮೊದಲ ಕಾಲು ಗಂಟೆ ನಾನು ಮಾತಾಡಿ ಮಾತಾಡಿ ಸುಸ್ತಾದೆ, ಆಮೇಲೆ ವಿಷಯ ಮುಗಿಯಿತು. ನಾವು ಸುಮ್ಮನಾದ ಮೇಲೆ ಕೆಸರು ಶುರುವಾಯಿತು. ಟಿಕ್ ಟಿಕ್ ಎಂದು ಎಲ್ಲ ಕಡೆಯಿಂದ ಸಣ್ಣ ಸದ್ದು, ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ತೂತುಗಳಿಂದ ಏಡಿಗಳು ಒಂದೊಂದಾಗಿ ಹೊರಗೆ ಬಂದವು. ಒಂದು ಕೊಂಡಿ ಮಾತ್ರ ಮೈಯಷ್ಟು ದೊಡ್ಡದಿರುವ ಗಂಡು ಏಡಿಗಳು ಅದನ್ನೆತ್ತಿ ಬೀಸುತ್ತವೆ, ಬಸ್ಸಿಗೆ ಕೈ ಮಾಡಿದ ಹಾಗೆ. ಹೆಣ್ಣನ್ನು ಕರೆಯುವ ಪರಿ ಅದು. ಹುಡುಗಿ ಎಣಿಸತೊಡಗಿದಳು. ನೂರಾ ನಲವತ್ತರ ಹತ್ತಿರ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರುಮಾಡಿದಳು. ಮಡ್‌ಸ್ಕಿಪ್ಪರ್ ಎಂಬ ಮೀನೊಂದು ಕಯಾಕಿನ ಮೂತಿಯ ಹತ್ತಿರವೇ ಕೆಸರ ಮೇಲೆ ರೆಕ್ಕೆಯೂರಿ ತೆವಳಿ ಬಂದು, ಕಪ್ಪೆಗಣ್ಣು ಹೊರಳಿಸಿ ನಮ್ಮನ್ನು ನೋಡಿ, ಬೇಜಾರಾಗಿ ಹಾರಿ ಹೋಯಿತು. ಅದಕ್ಕೂ ಮೊದಲು ಅಷ್ಟು ತಿಂಗಳು ನಾನು ಅದನ್ನು ತೋರಿಸಿದ್ದು ದೂರದಿಂದ, "ಅಗೋ ಅಲ್ಲಿ" ಎಂದು.

ಐದು ದಾಟಿದ ಮೇಲೆ ಕಾಲುವೆಯ ಬಾಯಲ್ಲಿ ಮಾಮಾನ ದೋಣಿ ಕಾಣಿಸಿತು. ಒಳಗೆ ಬರಲಿಲ್ಲ, ಬರುವಷ್ಟು ನೀರೂ ಇರಲಿಲ್ಲ. ಗಳ ಊರಿ ನಿಲ್ಲಿಸಿ ಬೀಡಿ ಹಚ್ಚಿದ. "ಬರ್ತದೆ, ಕೂತ್ಕೊಳ್ಳಿ" ಅಂದ. ಬಂತು. ಮೊದಲು ಏಡಿಗಳು ತೂತಿಗಿಳಿದು ಮುಚ್ಚಳ ಹಾಕಿಕೊಂಡವು, ಆಮೇಲೆ ನೀರು. ಈ ಕ್ರಮವನ್ನೂ ನಾನು ನೋಡಿದ್ದು ಅದೇ ಮೊದಲು.

ಅವರು ದೂರು ಬರೆಯಲಿಲ್ಲ. ಮ್ಯಾನೇಜರ್ ಮಾತ್ರ ನನ್ನನ್ನು ಬಯ್ಯದೆ ಬಿಡಲಿಲ್ಲ ಬಿಡಿ. ಬೈದದ್ದೆಲ್ಲ ನ್ಯಾಯವೇ ಆಗಿತ್ತು.

ಅದಾದ ಮೇಲೆ ರವೀಂದ್ರನಾಥ ಟಾಗೋರರ ಮೇಲೆ ನನಗೆ ವಿಶೇಷ ಪ್ರೀತಿ. ಕಾರವಾರದ ಕಡಲತೀರಕ್ಕೆ ಅವರದೇ ಹೆಸರು. ಅಣ್ಣ ಇಲ್ಲಿ ನ್ಯಾಯಾಧೀಶರಾಗಿದ್ದಾಗ ಇಪ್ಪತ್ತೆರಡರ ಆಸುಪಾಸಿನ ಹುಡುಗ ಬಂದು ಉಳಿದಿದ್ದ. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ಹೊಳೆಯ ಮೇಲಕ್ಕೆ ಹೋಗಿ, ಬರುವಾಗ ಹೊಳೆಯ ಸೆಳವಿಗೇ ದೋಣಿ ಬಿಟ್ಟು, ಅಳಿವೆ ತಲುಪುವಾಗ ಬಹಳ ಹೊತ್ತಾಗಿ, ಕೊನೆಗೆ ದೋಣಿ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದರಂತೆ. ಗೆಸ್ಟುಗಳಿಗೆ ಹೇಳುತ್ತೇನೆ: ನೋಡಿ, ಅವರಿಗೂ ದೋಣಿ ಟೈಮಿಗೆ ಮುಟ್ಟಲಿಲ್ಲ.

ಹಲಗೆಯಲ್ಲಿ ಎಂದೂ ಬರೆಯದ ಒಂದು ಸಂಗತಿ ಕಡಲಾಮೆ. ಚಳಿಗಾಲದಲ್ಲಿ ರಾತ್ರಿ ಆಲಿವ್ ರಿಡ್ಲೆ ಮರಳೇರಿ ಗುಂಡಿ ತೋಡಿ ನೂರರ ಮೇಲೆ ಮೊಟ್ಟೆ ಇಟ್ಟು ಹೋಗುತ್ತದೆ. ಮೀನುಗಾರರು ಕಂಡರೆ ಅರಣ್ಯ ಇಲಾಖೆಗೆ ಹೇಳುತ್ತಾರೆ, ಬೇಲಿ ಬೀಳುತ್ತದೆ, ಏಳೆಂಟು ವಾರಕ್ಕೆ ಮರಿ. ಮರಿ ಬೆಳಕಿರುವ ಕಡೆಗೆ ಓಡುತ್ತದೆ. ಕತ್ತಲ ದಂಡೆಯಲ್ಲಿ ಬೆಳಕೆಂದರೆ ಕಡಲು, ನಮ್ಮಂಥ ಕಡೆ ಬೆಳಕೆಂದರೆ ಬಫೆ. ಆ ದಿನಗಳಲ್ಲಿ ದಂಡೆಯ ಲೈಟು ಆರಿಸಿ ಎಂದು ನಾನು ಪ್ರತಿವರ್ಷ ಜಗಳವಾಡುತ್ತೇನೆ. ಎರಡು ವರ್ಷ ಗೆದ್ದೆ, ಹೊಸ ವರ್ಷದ ಹಿಂದಿನ ರಾತ್ರಿಯೊಂದನ್ನು ಬಿಟ್ಟು.

ಜೂನ್ ಬಂದರೆ ನೀರಿನ ಆಟವೆಲ್ಲ ಬಂದ್. ಮೀನುಗಾರಿಕೆಯ ಯಾಂತ್ರಿಕ ದೋಣಿಗಳೂ ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲಿ. ಆಗ ಕದ್ರಾ ಅಣೆಕಟ್ಟಿನ ಗೇಟು ತೆಗೆದರೆಂದರೆ ಹೊಳೆ ಕೆಂಪಾಗಿ ಇಳಿದು ಬಂದು ಮಾಮಾನ ತಿಥಿ ಲೆಕ್ಕವೂ ತಲೆಕೆಳಗು. ನಾನು ಊರಿಗೆ ಹೋಗಿ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸಿ ಬರುತ್ತೇನೆ.

ಈಗ ಬೆಳಗ್ಗೆ ಮೊಬೈಲಿನಲ್ಲಿ ಟೈಡ್ ಟೇಬಲ್ ನೋಡಿ ಚಾಕ್‌ಪೀಸಿನಲ್ಲಿ ಕಯಾಕಿನ ಟೈಮ್ ಬರೆಯುತ್ತೇನೆ. ಮೂಲೆಯಲ್ಲಿ ಸಣ್ಣದಾಗಿ ಭರ್ತಿ ಇಷ್ಟಕ್ಕೆ, ಸುಕ್ತಿ ಇಷ್ಟಕ್ಕೆ ಎಂದೂ. ನಿನ್ನೆ ಸುಕ್ತಿ 2.40 ಎಂದು ಬರೆದಿದ್ದೆ. ಚಹಾ ಲೋಟ ಹಿಡಿದು ಹೋಗುತ್ತಿದ್ದ ಮಾಮಾ ನಿಂತ, ಓದಿದ, ಹೊಳೆಯ ಕಡೆ ನೋಡಲೂ ಇಲ್ಲ. ಹೆಬ್ಬೆರಳಿನಿಂದ 40 ಒರೆಸಿ, "ಒಳಗಿನ ಕಾಲುವೆಗೆ ಮೂರು ಆಗ್ತದೆ" ಅಂದು ಹೋದ.