ಒಂದು ಬಾಕ್ಸ್ ಟೊಮ್ಯಾಟೊ, ಆರುನೂರು ಮಿಲಿ ಡೀಸೆಲ್

ಕೋಲಾರದ ಎಪಿಎಂಸಿಯಿಂದ ಕೋಲ್ಕತ್ತಾಕ್ಕೆ ರಸ್ತೆಯಲ್ಲಿ ಸುಮಾರು 1,800 ಕಿ.ಮೀ. ಹತ್ತು ಟನ್ ಹೇರಿದ ಲಾರಿ ಲೀಟರಿಗೆ ನಾಲ್ಕೂವರೆ ಕಿ.ಮೀ. ಕೊಟ್ಟರೆ 400 ಲೀಟರ್ ಡೀಸೆಲ್ ಬೇಕು. ಹದಿನೈದು ಕೆ.ಜಿ.ಯ ಬಾಕ್ಸ್ 660 ಹಿಡಿಸಿದರೆ, ಬಾಕ್ಸಿಗೆ ಆರುನೂರು ಮಿಲಿ. ಲೀಟರಿಗೆ 90 ರೂಪಾಯಿ ಎಂದುಕೊಂಡರೆ 54 ರೂಪಾಯಿ. ಮಂಡಿಯಲ್ಲಿ ಬಾಕ್ಸ್ 800ಕ್ಕೆ ಹೋದ ದಿನ ಈ 54 ಯಾರ ಲೆಕ್ಕಕ್ಕೂ ಬರುವುದಿಲ್ಲ. 100ಕ್ಕೆ ಬಿದ್ದ ದಿನ ಅದೇ ದೊಡ್ಡದು. ಬಾಡಿಗೆ ಕೊಡುವವನು ವ್ಯಾಪಾರಿಯಾದರೂ ಅದನ್ನು ಬೆಲೆಯಿಂದ ಕಳೆದೇ ಅವನು ಹರಾಜು ಕೂಗುತ್ತಾನೆ. ಕೊನೆಗೆ ಹೊರೆ ಬೆಳೆದವನ ಮೇಲೆಯೇ.

ಹಾಗಂತ ಎಣ್ಣೆಯನ್ನು ಬೈದು ಸುಮ್ಮನಾಗುವಂತಿಲ್ಲ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಟೊಮ್ಯಾಟೊ, ಹೂವು, ಹಾಲು, ರೇಷ್ಮೆಗೂಡು, ನಮ್ಮ ಆದಾಯ ಬಹುಪಾಲು ಕೆಡುವ ಸರಕಿನದ್ದೇ. ಅರೆಹಣ್ಣು ಕಿತ್ತು ಮೂರ್ನಾಲ್ಕು ದಿನದೊಳಗೆ ಬಂಗಾಳದ ಮಾರುಕಟ್ಟೆಗೆ ಮುಟ್ಟಿಸಲು ಇವತ್ತಿಗೂ ಡೀಸೆಲ್ ಲಾರಿಯಷ್ಟು ನಂಬಿಕಸ್ತ ದಾರಿ ಇನ್ನೊಂದಿಲ್ಲ.

ಕಾರಣ ಸರಳ. ಒಂದು ಲೀಟರ್ ಡೀಸೆಲ್ ತೂಕ 850 ಗ್ರಾಂ ಒಳಗೆ. ಅದರೊಳಗಿನ ಶಕ್ತಿ ಸುಮಾರು ಹತ್ತು ಯೂನಿಟ್ ಕರೆಂಟಿಗೆ ಸಮ. ಎಂಜಿನ್ ಅದರಲ್ಲಿ ಮೂರನೇ ಒಂದು ಭಾಗ ಮಾತ್ರ ಕೆಲಸಕ್ಕೆ ತಿರುಗಿಸುತ್ತದೆ, ಉಳಿದದ್ದು ರೇಡಿಯೇಟರ್ ಮತ್ತು ಹೊಗೆಕೊಳವೆಯಲ್ಲಿ ಬಿಸಿಯಾಗಿ ಹೋಗುತ್ತದೆ. ಅಷ್ಟು ಪೋಲಾದ ಮೇಲೂ ಅಷ್ಟೇ ಕೆಲಸ ಮಾಡಲು ಲಿಥಿಯಂ ಬ್ಯಾಟರಿಯಾದರೆ 25 ಕೆ.ಜಿ. ಹೊರಬೇಕು. 400 ಲೀಟರಿಗೆ ಗುಣಿಸಿ ನೋಡಿ: ಹತ್ತು ಟನ್. ಸರಕಿನ ಜಾಗ ಪೂರ್ತಿ ಬ್ಯಾಟರಿಗೇ ಹೋಯಿತು.

ಹೊಲದ ಲೆಕ್ಕ ಬೇರೆ. ಅಲ್ಲಿ ಉಳಿಸಬಹುದಾದ ಎಣ್ಣೆ ನಿಜಕ್ಕೂ ಇದೆ. 40 ಎಚ್‌ಪಿ ಟ್ರ್ಯಾಕ್ಟರ್ ಕಲ್ಟಿವೇಟರ್ ಎಳೆಯುವಾಗ ಗಂಟೆಗೆ ನಾಲ್ಕೈದು ಲೀಟರ್ ಕುಡಿಯುತ್ತದೆ, ಮಣ್ಣು ಪುಡಿ ಮಾಡುವ ರೋಟವೇಟರಿಗೆ ಇನ್ನೂ ಹೆಚ್ಚು. ನಮ್ಮ ಕೆಂಪು ಮಣ್ಣು ಹದ ತಪ್ಪಿ ಒಣಗಿದರೆ ಗಟ್ಟಿಯಾಗಿ ಹೆಂಟೆ ಏಳುತ್ತದೆ, ಆ ಹೆಂಟೆ ಒಡೆಯಲು ಮತ್ತೊಂದು ಸಾಲು ಹೊಡೆಯಬೇಕು. ಮಳೆ ಬಿದ್ದ ಮೇಲೆ ಹದ ನೋಡಿ ಉತ್ತರೆ ಆ ಒಂದು ಸಾಲಿನ ಡೀಸೆಲ್ ಪೂರ್ತಿ ಉಳಿಯುತ್ತದೆ. ಕಲ್ಟಿವೇಟರಿಗೆ ಫುಲ್ ಆಕ್ಸಿಲರೇಟರ್ ಬೇಡ. ಒಂದು ಗೇರ್ ಮೇಲೆ ಹಾಕಿ ಎಂಜಿನ್ ವೇಗ ಇಳಿಸಿ. ರೋಟವೇಟರಿಗೆ ಇದು ನಡೆಯದು, ಅದನ್ನು ತಿರುಗಿಸುವ ಟ್ರ್ಯಾಕ್ಟರ್ ಹಿಂದಿನ ಶಾಫ್ಟ್ (ಪಿಟಿಒ) ನಿಮಿಷಕ್ಕೆ 540 ಸುತ್ತಿನಲ್ಲೇ ತಿರುಗಬೇಕು. ಕಪ್ಪು ಹೊಗೆ ಬಂದರೆ ಮೊದಲು ಏರ್ ಫಿಲ್ಟರ್ ನೋಡಿ, ಆಮೇಲೆ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್. ಪೈಪಿನ ಜೋಡಣೆಯಲ್ಲಿ ಸೆಕೆಂಡಿಗೊಂದು ಹನಿ ಸೋರಿದರೂ ದಿನಕ್ಕೆ ನಾಲ್ಕು ಲೀಟರ್ ಮಣ್ಣಿಗೆ. ಸಂಜೆಯೇ ಟ್ಯಾಂಕ್ ತುಂಬಿಸಿಟ್ಟರೆ ರಾತ್ರಿ ತಂಪಿಗೆ ಒಳಗೆ ನೀರು ಕಟ್ಟುವುದು ಕಡಿಮೆ. ಟ್ಯಾಂಕ್ ಬರಿದಾಗುವವರೆಗೆ ಓಡಿಸಿ ಗಾಳಿ ಹಿಡಿದರೆ, ಎಣ್ಣೆ ತುಂಬಿ, ಡೀಸೆಲ್ ಫಿಲ್ಟರ್ ಮೇಲಿನ, ಗಾಳಿ ಬಿಡುವ ಬ್ಲೀಡಿಂಗ್ ಬೋಲ್ಟ್ ಎರಡು ಸುತ್ತು ಸಡಿಲಿಸಿ ಕೈಪಂಪ್ ಒತ್ತುತ್ತಾ ಹೋಗಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಒತ್ತುತ್ತಲೇ ಬಿಗಿ ಮಾಡಿ. ಬಿಗಿ ಮಾಡುವ ಮೊದಲು ಪಂಪ್ ಬಿಟ್ಟರೆ ಗಾಳಿ ವಾಪಸ್ ಎಳೆದುಕೊಳ್ಳುತ್ತದೆ, ಮೊದಲಿಂದ ಶುರು.

ಎಣ್ಣೆ ನಮ್ಮ ಜಿಲ್ಲೆಗಳಿಗೆ ಮಾಡಿದ ದೊಡ್ಡ ಕೆಡುಕು ಹೊಗೆಯಲ್ಲ, ಬೋರು. ಕೈಯಲ್ಲಿ ತೋಡುವ ಬಾವಿಗೆ ತಾನಾಗಿ ಒಂದು ಮಿತಿಯಿತ್ತು: ಬಂಡೆ ಸಿಕ್ಕಿದರೆ ನಿಲ್ಲಬೇಕು. ಡೀಸೆಲ್ ಕಂಪ್ರೆಸರ್ ಹೊತ್ತ ರಿಗ್ ಲಾರಿ ಬಂದ ಮೇಲೆ ಆ ಮಿತಿ ಹೋಯಿತು. ಗಾಳಿಯ ಒತ್ತಡದಲ್ಲಿ ಹ್ಯಾಮರ್ ಗ್ರಾನೈಟನ್ನೇ ಪುಡಿ ಮಾಡಿ ಮೇಲೆ ತಳ್ಳುತ್ತದೆ, ಒಂದೆರಡು ದಿನದಲ್ಲಿ ಸಾವಿರ ಅಡಿ ದಾಟುತ್ತದೆ. ಮಳೆ ತುಂಬುವುದಕ್ಕಿಂತ ಬೇಗ ನೀರೆತ್ತುವ ತಾಕತ್ತು ಹೀಗೆ ಊರೂರಿಗೆ ಬಂತು. ಡೀಸೆಲ್ ಏರಿದಾಗ ಅಡಿಗಿಷ್ಟು ಎಂಬ ಕೊರೆಯುವ ದರ ಏರುತ್ತದೆ, ಬೋರು ಫೇಲಾದರೂ ಆ ದುಡ್ಡು ಕೊಡಲೇಬೇಕು.

ಅಷ್ಟು ಆಳದಿಂದ ಎತ್ತುವುದೂ ಸುಮ್ಮನಲ್ಲ. 300 ಮೀಟರ್ ಕೆಳಗಿನಿಂದ ಸಾವಿರ ಲೀಟರ್ ಎತ್ತಲು, ಪಂಪು ಮೋಟರಿನ ನಷ್ಟ ಸೇರಿ ಎರಡು ಯೂನಿಟ್ ಬೇಕು. ಕರೆಂಟ್ ಹೋದಾಗ ಜನರೇಟರ್ ಹಾಕಿದರೆ ಲೀಟರ್ ಡೀಸೆಲಿಗೆ ಮೂರು, ಮೂರೂವರೆ ಯೂನಿಟ್ ಬರುತ್ತದೆ. ಅಂದರೆ ಸಾವಿರ ಲೀಟರ್ ನೀರಿಗೆ 55 ರೂಪಾಯಿ ಆಸುಪಾಸು. ಸಸಿ ಉಳಿಸಿಕೊಳ್ಳಲು ಎರಡು ದಿನ ನಡೆಸಬಹುದು, ಬೆಳೆ ತೆಗೆಯಲಾಗದು.

ಎಣ್ಣೆ ಹೊಲದಲ್ಲಿ ಪ್ಲಾಸ್ಟಿಕ್ ರೂಪದಲ್ಲೂ ಇದೆ. ಐದಡಿ ಅಂತರದ ಸಾಲಾದರೆ ಎಕರೆಗೆ 2,650 ಮೀಟರ್ ಡ್ರಿಪ್ ಲ್ಯಾಟರಲ್ (ಹನಿ ನೀರಿನ ಪೈಪು), ಅಷ್ಟೇ ಉದ್ದ ಮಣ್ಣು ಮುಚ್ಚುವ ಮಲ್ಚಿಂಗ್ ಶೀಟ್. 1.2 ಮೀಟರ್ ಅಗಲ, 25 ಮೈಕ್ರಾನ್ ಶೀಟು ಎಕರೆಗೆ 70 ಕೆ.ಜಿ. ದಾಟುತ್ತದೆ. ನೀರು, ಕಳೆ ಕೂಲಿ ಎರಡನ್ನೂ ಉಳಿಸುತ್ತದೆ ಎಂಬುದು ನಿಜ. ಆದರೆ ಬೆಳೆ ಮುಗಿದ ಮೇಲೆ ರೋಟವೇಟರ್ ಹೊಡೆದುಬಿಟ್ಟರೆ ಚೂರುಗಳು ಮಣ್ಣಲ್ಲೇ ಉಳಿಯುತ್ತವೆ, ಬದುವಿನಲ್ಲಿ ಸುಟ್ಟರೆ ವಿಷದ ಹೊಗೆ. ಗಿಡ ಕಿತ್ತು, ಮಣ್ಣು ಸ್ವಲ್ಪ ತೇವ ಇರುವಾಗಲೇ ಅಂಚು ಬಿಡಿಸಿ ಸುತ್ತಿಕೊಂಡು ಬಂದರೆ ಶೀಟು ಹರಿಯದೆ ಬರುತ್ತದೆ. ಇದನ್ನು ಮಾಡಲೇಬೇಕು.

ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಉಡುಪಿ ಬಳಿಯ ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಹಿಡಿಸುವ ನೆಲದಡಿಯ ಸಂಗ್ರಹ ಇದೆ. ಅದು ಸರಬರಾಜು ನಿಂತಾಗ ಕೆಲವು ದಿನದ ಆಸರೆ, ಬೆಲೆಗೆ ಕಡಿವಾಣವಲ್ಲ.

ಪಾವಗಡದ ಸೋಲಾರ್ ಪಾರ್ಕ್ ಇದಕ್ಕೆ ಉತ್ತರವೇ ಎಂದು ಕೇಳುವವರಿದ್ದಾರೆ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಣ್ಣದಲ್ಲ. ಆದರೆ ಅದು ಸದ್ಯಕ್ಕೆ ಉಳಿಸುವುದು ಕಲ್ಲಿದ್ದಲನ್ನು. ಗಾಡಿ ಕರೆಂಟಿಗೆ ತಿರುಗುವವರೆಗೆ ಅಲ್ಲಿನ ಬಿಸಿಲು ಬಂಕಿನ ಒಂದು ಲೀಟರನ್ನೂ ತಗ್ಗಿಸದು. ದೂರದ ಕರೆಂಟಿನಲ್ಲಿ ಭಾರಿ ಕೆಲಸ ನಡೆಸುವುದು ನಮಗೆ ಹೊಸತೂ ಅಲ್ಲ: 1902ರಲ್ಲೇ ಶಿವನಸಮುದ್ರದಿಂದ 147 ಕಿ.ಮೀ. ತಂತಿ ಎಳೆದು ಕೆಜಿಎಫ್ ಗಣಿಗೆ ಜಲವಿದ್ಯುತ್ ಕೊಟ್ಟಿದ್ದರು.

ನಮ್ಮ ಅಭಿಪ್ರಾಯದಲ್ಲಿ ಮೊದಲು ಬದಲಾಗಬೇಕಾದದ್ದು ಹಾಲಿನ ರೂಟ್ ಗಾಡಿಗಳು. ದಿನಾ ಅದೇ ದಾರಿ, ಬೆಳಗ್ಗೆ ಸಂಜೆ ಎರಡೇ ಸುತ್ತು, ಊರೂರಿನ ಡೈರಿ ಮುಂದೆ ನಿಂತು ಹೊರಡುವ ಓಟ, ನಡುವೆ ಬಿಸಿಲಿನ ಹೊತ್ತಿನಲ್ಲಿ ಚಾರ್ಜಿಗೆ ಐದಾರು ಗಂಟೆ ಬಿಡುವು. ಪದೇ ಪದೇ ನಿಂತು ಹೊರಡುವಾಗ ಡೀಸೆಲ್ ಎಂಜಿನ್ ಅತಿ ಹೆಚ್ಚು ಪೋಲು ಮಾಡುತ್ತದೆ, ಎಲೆಕ್ಟ್ರಿಕ್ ಮೋಟರ್ ಬ್ರೇಕ್ ಹಾಕಿದಾಗ ಸ್ವಲ್ಪ ವಾಪಸ್ ಪಡೆಯುತ್ತದೆ. ಆಮೇಲೆ ಸ್ಕೂಲ್ ಬಸ್ಸು, ಹೊಲದಿಂದ ಮಂಡಿಗೆ ಬರುವ ಸಣ್ಣ ಟೆಂಪೊ. ಕೋಲ್ಕತ್ತಾ ಲಾರಿಯ ಸರದಿ ಕೊನೆಗೆ ಬರಲಿ.