ಕೆಂಡದ ಆಲೂಗಡ್ಡೆ, ಕಾಕಾನ ಬೈಗುಳ

ಮೊದಲೇ ಹೇಳಿಬಿಡುತ್ತೇನೆ, ನಾನು ಸುಟ್ಟ ಮೊದಲ ನಾಲ್ಕು ಆಲೂಗಡ್ಡೆಯನ್ನು ಹೊಲದ ನಾಯಿ ಕೂಡ ತಿನ್ನಲಿಲ್ಲ. ಮೂಸಿ ನೋಡಿ ಆ ಕಡೆ ಹೋಯಿತು.

ಎಳ್ಳ ಅಮಾವಾಸ್ಯೆ ಮುಗಿದು ಹತ್ತು ದಿನ ಆಗಿತ್ತು. ಆಳಂದ ಕಡೆ ಕಾಕಾನ ಹೊಲದಲ್ಲಿ ತೊಗರಿ ಕೊಯ್ದು ಬಣವೆ ಹಾಕಿದ್ದರು. ಕಾಳು ಬಿಡಿಸುವ ರಾಶಿ ಮಷಿನ್ ಬರುವುದು ಇನ್ನೂ ಎರಡು ದಿನ ತಡ, ಅಲ್ಲಿಯ ತನಕ ರಾತ್ರಿ ಯಾರಾದರೂ ಕಾಯಬೇಕು. ನಾನು ಶನಿವಾರ ಸಂಜೆ ಕಲಬುರಗಿಯಿಂದ ಬಸ್ ಹತ್ತಿದೆ. ಚೀಲದಲ್ಲಿ ಎರಡು ಕಿಲೋ ಆಲೂಗಡ್ಡೆ, ಜೊತೆಗೆ ಒಂದು ಫಾಯಿಲ್ ಸುರುಳಿ, ಯಾಕೆಂದರೆ ಮೊಬೈಲಿನಲ್ಲಿ ನೋಡಿದ ಎಲ್ಲ ವಿಡಿಯೋದಲ್ಲೂ ಆಲೂಗಡ್ಡೆಗೆ ಫಾಯಿಲ್ ಸುತ್ತಿಯೇ ಬೆಂಕಿಗೆ ಹಾಕಿದ್ದರು. ಕಾಕಾ ಆ ಸುರುಳಿಯನ್ನು ಹಿಂದೆ ಮುಂದೆ ತಿರುವಿ ನೋಡಿ, "ಏನ್ ತಮ್ಮಾ, ಆಲೂಗಡ್ಡಿಗಿ ಅಂಗಿ ಹೊಲಿಸ್ಕೊಂಡ್ ಬಂದೀಯೇನ್?" ಅಂದರು.

ನನಗೆ ಹಟ ಬಂತು. ಫಾಯಿಲ್ ಪಕ್ಕಕ್ಕಿಟ್ಟೆ. ಬಣವೆಯಿಂದ ಐವತ್ತು ಹೆಜ್ಜೆ ದೂರ, ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿಕೊಂಡು (ಇದು ತಮಾಷೆ ಅಲ್ಲ, ಒಣಗಿದ ತೊಗರಿಗೆ ಒಂದು ಕಿಡಿ ಸಾಕು, ವರ್ಷದ ದುಡಿಮೆ ಹೋಗುತ್ತದೆ) ತೊಗರಿ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚಿದೆ. ಎದೆಮಟ್ಟ ಉರಿ ಎದ್ದಿತು. ನಾಲ್ಕು ಆಲೂಗಡ್ಡೆ ಒಳಗೆ ಎಸೆದೆ. ಕಾಲು ಗಂಟೆಗೆ ಸಿಪ್ಪೆ ಇದ್ದಿಲಾಗಿತ್ತು, ಅದರ ಒಳಗೆ ಬೆರಳಿನಷ್ಟು ದಪ್ಪ ಬೆಂದಿತ್ತು, ನಡುವೆ ಹಸಿ, ಕಚ್ಚಿದರೆ ಕರ್ ಅನ್ನುವಂಥ ಹಸಿ.

ಆಮೇಲೆ ಯೋಚಿಸಿದರೆ ತಪ್ಪು ಸರಳವಾಗಿದೆ. ಆಲೂಗಡ್ಡೆಯಲ್ಲಿ ಮುಕ್ಕಾಲಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಒಳಗೆ ನೀರು ಇರುವ ತನಕ ಒಳಗಿನ ಬಿಸಿ 100 ಡಿಗ್ರಿ ದಾಟುವುದಿಲ್ಲ, ನೀವು ಹೊರಗೆ ಎಷ್ಟೇ ಉರಿ ಹಾಕಿ. ಪಿಷ್ಟ ಉಬ್ಬಿ ಮೆತ್ತಗಾಗಲು ಶುರುವಾಗುವುದು 60-70 ಡಿಗ್ರಿಗೆ, ಆ ಬಿಸಿ ಹೊರಗಿನಿಂದ ನಡುವಿನ ತನಕ ನಿಧಾನಕ್ಕೆ ನಡೆದು ಹೋಗಬೇಕು. ಉರಿ ಜಾಸ್ತಿ ಮಾಡಿದರೆ ಅದು ಓಡುವುದಿಲ್ಲ, ಸಿಪ್ಪೆ ಸುಡುತ್ತದೆ ಅಷ್ಟೇ. ಕಾಕಾ ಇಷ್ಟನ್ನೂ ಒಂದೇ ಸಾಲಿನಲ್ಲಿ ಹೇಳಿದರು: "ಉರಿಗಿ ಯಾಕ್ ಹಾಕ್ತೀಯೋ, ಕೆಂಡಕ್ಕ ಹಾಕು."

ಆದರೆ ತೊಗರಿ ಕಟ್ಟಿಗೆಯಲ್ಲಿ ಕೆಂಡ ನಿಲ್ಲುವುದಿಲ್ಲ. ಭಗ್ ಅಂತ ಹತ್ತುತ್ತದೆ, ಹತ್ತು ನಿಮಿಷಕ್ಕೆ ಬರೀ ಬೂದಿ. ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು) ಸಿಕ್ಕಿತು ನಿಜ, ಕಟ್ಟಿಗೆಗೇನೂ ಸಿಕ್ಕಿಲ್ಲವಲ್ಲ. ಬೆಂಕಿ ಹೊತ್ತಿಸಲು ಅದು, ಕೆಂಡಕ್ಕೆ ಜಾಲಿ. ಬದುವಿನ ಮೇಲೆ ಬಿದ್ದಿದ್ದ ಒಣ ಜಾಲಿ ಕೊಂಬೆ ತಂದೆವು, ರಟ್ಟೆಯಷ್ಟು ದಪ್ಪ. ಅದು ಅರ್ಧ ಗಂಟೆ ಉರಿದು ಕೆಂಡವಾಗಿ, ಕೆಂಡದ ಮೇಲೆ ಬಿಳಿ ಬೂದಿ ಕೂತ ಮೇಲೆ, ಅಂಗೈ ಒಂದು ಗೇಣು ಮೇಲೆ ಹಿಡಿದರೆ ನಾಲ್ಕೈದು ಎಣಿಸುವಷ್ಟು ಹೊತ್ತು ತಡೆಯಬಹುದು ಅನ್ನುವಾಗ, ಆಗ ಆಲೂಗಡ್ಡೆಯ ಸರದಿ. ಕುಳ್ಳೂ, ಅಂದರೆ ಸಗಣಿ ಬೆರಣಿಯೂ ನಡೆಯುತ್ತದೆ. ಸೀತನಿ ಸುಡುವುದು ಅದರಲ್ಲೇ ಅಲ್ವಾ, ಎಳೆ ಜೋಳದ ತೆನೆಗೆ ಆ ಮೆತ್ತನೆ ಬಿಸಿಯೇ ಬೇಕು. ಕಾಕಾ ಆ ವರ್ಷದ ಸೀತನಿಗೆ ಅಂತ ಕುಣಿ ಆಗಲೇ ತೋಡಿಟ್ಟಿದ್ದರು. ನಾವು ಕೆಂಡವನ್ನೆಲ್ಲ ಅದಕ್ಕೇ ಎಳೆದೆವು.

ಕುಣಿಯ ತಳಕ್ಕೆ ಒಂದಿಷ್ಟು ಬಿಸಿ ಬೂದಿ, ಅದರ ಮೇಲೆ ಆಲೂಗಡ್ಡೆ, ಮೇಲೆ ಮತ್ತೆ ಬೂದಿ, ಆಮೇಲೆ ಕೆಂಡ. ಕೆಂಡ ಸಿಪ್ಪೆಗೆ ನೇರವಾಗಿ ತಾಗಬಾರದು. ಹಾಕುವ ಮೊದಲು ಜಾಲಿ ಮುಳ್ಳಿನಿಂದ ಒಂದೊಂದಕ್ಕೂ ನಾಲ್ಕು ಕಡೆ ಚುಚ್ಚಿದೆವು. ಒಳಗಿನ ಹಬೆಗೆ ದಾರಿ ಸಿಗದಿದ್ದರೆ ಅಪರೂಪಕ್ಕೆ ಒಡೆದು ಸಿಡಿಯುತ್ತದೆ, ಮುಖದ ಹತ್ತಿರ ಸಿಡಿದರೆ ಚೆನ್ನಾಗಿರುವುದಿಲ್ಲ. ಕೋಳಿಮೊಟ್ಟೆಗಿಂತ ಸ್ವಲ್ಪ ದೊಡ್ಡದಾದರೆ ಮುಕ್ಕಾಲು ಗಂಟೆ, ನಡುವೆ ಒಂದೆರಡು ಸಲ ಹೊರಳಿಸಬೇಕು. ಅದೇ ಮುಳ್ಳು ನಡುವಿನ ತನಕ ಬೆಣ್ಣೆಗೆ ಹೋದ ಹಾಗೆ ಹೋದರೆ ಆಯಿತು. ಮುಕ್ಕಾಲು ಗಂಟೆ ನಾನು ಹದಿನೈದು ಸಲ "ಆಯ್ತಾ ಕಾಕಾ" ಅಂದಿದ್ದೇನೆ. ಅವರು ಒಂದು ಸಲವೂ ಉತ್ತರ ಕೊಡಲಿಲ್ಲ.

ಆಲೂಗಡ್ಡೆ ಆರಿಸುವುದರಲ್ಲೂ ನಾನು ಎಡವಿದ್ದೆ. ಹಾಸನದ ಕಡೆ ಬೆಳೆಯುವ ಕುಫ್ರಿ ಜ್ಯೋತಿ 1968ರಲ್ಲಿ ಬಂದ ತಳಿ ಅಂತೆಲ್ಲ ನಾವು ಓದಿರುತ್ತೇವೆ, ಆದರೆ ಸಂತೆಯಲ್ಲಿ ತಳಿ ಹೆಸರು ಕೇಳಿದರೆ ಅಂಗಡಿಯವನು ನಮ್ಮ ಮುಖ ನೋಡುತ್ತಾನೆ. ಕೇಳಬೇಕಾದದ್ದು ಹಳೇದಾ ಹೊಸದಾ ಅಂತ. ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಸುಲಿದು ಬಂದರೆ ಹೊಸದು, ಅದರಲ್ಲಿ ನೀರು ಜಾಸ್ತಿ, ಸುಟ್ಟರೆ ಅಂಟಂಟು. ಹಳೇದು ಹಿಟ್ಟುಹಿಟ್ಟಾಗಿ ಬಿರಿಯುತ್ತದೆ. ಕೋಲ್ಡ್ ಸ್ಟೋರೇಜ್‌ನಲ್ಲೋ ಮನೆ ಫ್ರಿಜ್‌ನಲ್ಲೋ ಬಹಳ ದಿನ ಇದ್ದದ್ದಾದರೆ ಪಿಷ್ಟ ಸ್ವಲ್ಪ ಸಕ್ಕರೆಯಾಗಿರುತ್ತದೆ, ಬೇಗ ಕಪ್ಪಾಗುತ್ತದೆ. ಹಸಿರು ತಿರುಗಿದ್ದನ್ನು ಬಿಟ್ಟುಬಿಡಿ. ಅದರ ವಿಷ ಬೆಂಕಿಗೆ ಹೋಗುವುದಿಲ್ಲ.

ಫಾಯಿಲ್ ಬಗ್ಗೆ ನನ್ನ ಮಾತು ಇಷ್ಟೇ: ಅದರೊಳಗೆ ಆಲೂಗಡ್ಡೆ ಸುಡುವುದಿಲ್ಲ, ತನ್ನ ಹಬೆಯಲ್ಲೇ ಬೇಯುತ್ತದೆ. ಕುಕ್ಕರ್ ಮನೆಯಲ್ಲೇ ಇದೆಯಲ್ಲ.

ಊರಿಗೆ ವಾಪಸ್ ಬಂದು ಮಾಳಿಗೆ ಮೇಲೆ ಇದೇ ಪ್ರಯೋಗ ಮಾಡಿ ಒಂದು ಶಹಾಬಾದ್ ಫರ್ಸಿ ಒಡೆದುಕೊಂಡೆ. ಪದರು ಪದರಾದ ಕಲ್ಲು ಅದು, ಮೇಲೆ ನೇರ ಕೆಂಡ ಸುರಿದರೆ ಟಪ್ ಅಂತ ಬಿರುಕು ಬಿಟ್ಟು ಚೂರು ಹಾರುತ್ತದೆ. ತಗಡಿನ ಬುಟ್ಟಿಯಲ್ಲಿ ಮಣ್ಣು ತುಂಬಿ ಅದರ ಮೇಲೆ ಮಾಡಿ. ಚಳಿ ಅಂತ ಕೆಂಡದ ಬುಟ್ಟಿಯನ್ನು ಮಾತ್ರ ಮಲಗುವ ಕೋಣೆಗೆ ತರಬೇಡಿ, ಬಾಗಿಲು ಹಾಕಿದ ಕೋಣೆಯಲ್ಲಿ ಅದರ ಗಾಳಿಗೆ ಜೀವ ಹೋಗುತ್ತದೆ, ವಾಸನೆಯೂ ಗೊತ್ತಾಗುವುದಿಲ್ಲ.

ಸರಿ, ಆ ರಾತ್ರಿ. ಬೂದಿ ಕೊಡವಿ, ಅಂಗೈಯಿಂದ ಅಂಗೈಗೆ ಹಾರಿಸುತ್ತ ಕೈಯಿಂದಲೇ ಮುರಿದೆವು. ಚಾಕು ಹಾಕಿದರೆ ಹಿಟ್ಟು ಒತ್ತಿಕೊಳ್ಳುತ್ತದೆ, ಮುರಿದರೆ ಅರಳುತ್ತದೆ. ಅದರ ಮೇಲೆ ಹಸಿ ಕುಸುಬಿ ಎಣ್ಣೆ, ಉಪ್ಪು, ಶೇಂಗಾ ಹಿಂಡಿ (ಚಟ್ನಿಪುಡಿ). ಕೆಂಡದ ಅಂಚಿನಲ್ಲಿ ಸುಟ್ಟ ಎರಡು ಹಸಿಮೆಣಸಿನಕಾಯಿ. ಜೊತೆಗೆ ಕಡಕ್ ರೊಟ್ಟಿ, ಗುದ್ದಿದ ಉಳ್ಳಾಗಡ್ಡಿ. ನಾನು ಐದು ತಿಂದೆ. ಕಾಕಾ ಎಷ್ಟು ತಿಂದರು ಅಂತ ಕತ್ತಲಲ್ಲಿ ಕಾಣಲಿಲ್ಲ.

ಬೆಳಿಗ್ಗೆ ಚಹಾ ಕಾಸಲು ಕುಣಿ ಕೆದರಿದಾಗ ಒಂದು ಸಿಕ್ಕಿತು, ಮರೆತದ್ದು. ನಿಂಬೆಕಾಯಿಯಷ್ಟು ಕುಗ್ಗಿತ್ತು, ಸಿಪ್ಪೆ ಚಿಪ್ಪಿನ ಹಾಗೆ. ಒಳಗೆ ಕಂದು ಬಣ್ಣ, ಹೊಗೆ ವಾಸನೆ, ಎಲ್ಲಕ್ಕಿಂತ ರುಚಿ ಅದೇ. ಕಾಕಾ ಅದನ್ನು ಎರಡು ಮಾಡಿ ಸಣ್ಣ ತುಂಡು ನನಗೆ ಕೊಟ್ಟರು. ಫಾಯಿಲ್ ದಂಡ ಆಗಲಿಲ್ಲ, ಚಿಗವ್ವ ಅದರಲ್ಲೇ ರೊಟ್ಟಿ ಸುತ್ತಿ ಬಸ್ಸಿಗೆ ಕೊಟ್ಟಳು.